ಅಕ್ಕನಿಗೂ ಹದಿನೆಂಟು

ನಾನು ಅಕ್ಕನ ಬಟ್ಟೆ ತೊಟ್ಟು ಬೆಳೆದವಳು. ಇದರಲ್ಲಿ ವಿಶೇಷವೇನಿಲ್ಲ, ಕುದ್ರೋಳಿಯ ನಮ್ಮ ಓಣಿಯಲ್ಲಿ ತಂಗಿಯರೆಲ್ಲರ ಪಾಡೂ ಅದೇ ಆಗಿತ್ತು. ಆದರೆ ನನ್ನ ಅಕ್ಕ ಮೂರು ತಿಂಗಳ ಕೂಸಾಗಿದ್ದಾಗಲೇ ಜ್ವರ ಬಂದು ತೀರಿಹೋಗಿದ್ದಳು. ನಾವು ಅವಳಿಗಳು. ಅವಳು ನನಗಿಂತ ಸ್ವಲ್ಪ ಮೊದಲು ಹುಟ್ಟಿದ್ದರಿಂದ ಅಕ್ಕ.

ನಮ್ಮ ತುಳುವರ ಮನೆಗಳಲ್ಲಿ ಸತ್ತ ಮಕ್ಕಳು ಮಕ್ಕಳಾಗಿಯೇ ಉಳಿಯುವುದಿಲ್ಲ. ಆ ಲೋಕದಲ್ಲಿ ಅವರೂ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದರೆಂದು ತಿಳಿದಾಗ, ಹಾಗೆಯೇ ಸತ್ತ ಮಗನಿರುವ ಇನ್ನೊಂದು ಮನೆಯನ್ನು ಹುಡುಕಿ ಮದುವೆಯನ್ನೂ ಮಾಡಿಸುತ್ತಾರೆ. ಹಾಗಾಗಿ ಅಮ್ಮ ದೀಪಾವಳಿಗೆ ಎರಡು ಲಂಗ ಹೊಲಿಸುತ್ತಿದ್ದಳು. ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ಒಳಕೋಣೆಯಲ್ಲಿ ಬಡಿಸಿಟ್ಟ ಬಾಳೆಲೆಯ ಪಕ್ಕ ಇಟ್ಟು ಬಾಗಿಲು ಎಳೆಯುತ್ತಿದ್ದಳು. ಮರುದಿನ ಅದೂ ನನ್ನ ಮೈಮೇಲೆಯೇ. ಅದನ್ನು ತೊಟ್ಟ ದಿನ ಅಮ್ಮ ನನ್ನನ್ನು ನೋಡುತ್ತಿದ್ದ ರೀತಿಯೇ ಬೇರೆ. ನನಗೆ ಭಯವಾಗುತ್ತಿತ್ತು.

ನನಗೆ ಹದಿನೆಂಟು ತುಂಬಿದ ವರ್ಷ ನಗರಪಾಲಿಕೆಗೆ ಚುನಾವಣೆ ಬಂತು. ನನಗೆ ಓಟಿನ ಹುಚ್ಚು ಹಿಡಿಯಿತು. ನಿಂತವರ ಮೇಲಿನ ಪ್ರೀತಿಯಿಂದೇನೂ ಅಲ್ಲ, ಅವರಲ್ಲಿ ಒಬ್ಬರನ್ನೂ ಕಂಡರೆ ನನಗಾಗುತ್ತಿರಲಿಲ್ಲ. ಎಲ್ಲದರಲ್ಲೂ ಪಾಲು ಕೊಟ್ಟು ಬೆಳೆದವಳಿಗೆ ಪೂರ್ತಿ ತನ್ನದೇ ಆದ ಒಂದಾದರೂ ಬೇಕಿತ್ತು. ಬೆರಳಿಗೆ ಹಚ್ಚಿದ ಶಾಯಿಯನ್ನು ಯಾರ ಎಲೆಯ ಪಕ್ಕದಲ್ಲೂ ಇಡಲಿಕ್ಕಾಗುವುದಿಲ್ಲವಲ್ಲ.

ಪಟ್ಟಿಗೆ ಹೆಸರು ಸೇರಿಸಲು ಅಮ್ಮ ಇವತ್ತು ನಾಳೆ ಎನ್ನುತ್ತ ಕೊನೆಯ ದಿನದವರೆಗೆ ಎಳೆದಳು. ಸ್ಟುಡಿಯೋದಲ್ಲಿ ಒಂದು ಫೋಟೋ ಆದ ಮೇಲೆ ನನ್ನ ಜಡೆ ಬಿಚ್ಚಿಸಿ, ಬೇರೆ ಶಾಲು ಹೊದೆಸಿ ಇನ್ನೊಂದು ತೆಗೆಸಿದ್ದಳು. ಯಾಕೆಂದು ಕೇಳಿದರೆ, ಇರಲಿ ಎಂದಿದ್ದಳು. ಅರ್ಜಿಯನ್ನು ತಾನೇ ತುಂಬಿಸಿ ಚೀಲದಲ್ಲಿಟ್ಟುಕೊಂಡು ಹೊರಟಳು.

ಕಚೇರಿಗೆ ಮುಟ್ಟುವಾಗ ಊಟದ ಹೊತ್ತು. ಬಾಗಿಲಲ್ಲಿ ಹತ್ತರಿಂದ ಐದರವರೆಗೆ ಎಂದು ಬರೆದಿತ್ತು. ಊಟ ಎಷ್ಟು ಹೊತ್ತಿನದೆಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಸೆಕೆಯಲ್ಲಿ ಬೆವರುತ್ತ ಸಾಲಿನಲ್ಲಿ ನಿಂತು ಇಡೀ ಸರಕಾರಕ್ಕೆ ಮನಸ್ಸಿನಲ್ಲೇ ಶಾಪ ಹಾಕಿದೆ. ನಮ್ಮ ಸರದಿ ಬರುವಾಗ ಐದಕ್ಕೆ ಸ್ವಲ್ಪವೇ ಬಾಕಿ. ಅಮ್ಮ ಕೊಟ್ಟ ಕಾಗದ ನೋಡಿ ಗುಮಾಸ್ತರು ಗಟ್ಟಿಯಾಗಿ ಹೆಸರು ಕರೆದರು.

ಅದು ಅಕ್ಕನ ಹೆಸರು. ಮನೆಯ ಹೊರಗೆ ಆ ಹೆಸರನ್ನು ಒಬ್ಬರು ಕರೆದದ್ದು ನಾನು ಕೇಳಿದ್ದು ಅದೇ ಮೊದಲು. ಒಂದು ಕ್ಷಣ ನಾನು ಹಿಂದೆ ತಿರುಗಿ ನೋಡಿದೆ, ಯಾರಾದರೂ ಬರುತ್ತಾರೋ ಎಂಬಂತೆ. ಗುಮಾಸ್ತರು ಅರ್ಜಿಯ ಫೋಟೋ ನೋಡಿದರು, ನನ್ನನ್ನು ನೋಡಿದರು, ನೀವೇ ಅಲ್ಲವಾ ಎಂದು ಕೇಳಿದರು. ಬಗ್ಗಿ ನೋಡಿದೆ. ಕೂದಲು ಬಿಟ್ಟುಕೊಂಡ ನನ್ನದೇ ಮುಖ, ಪಕ್ಕದಲ್ಲಿ ಅವಳ ಹೆಸರು. ನನ್ನ ಅರ್ಜಿ ಅದರ ಕೆಳಗೆ ಪಿನ್ನಿನಲ್ಲಿ ಸಿಕ್ಕಿಕೊಂಡಿತ್ತು.

ಅಮ್ಮ ಏನೂ ಮುಚ್ಚಿಡಲಿಲ್ಲ. ಹುಡುಗಿ ತೀರಿಕೊಂಡದ್ದನ್ನು ಹೇಳಿ, "ಇವಳಿಗೆ ಹದಿನೆಂಟು ಆಗುವಾಗ ಅವಳಿಗೂ ಆಗ್ಬೇಕಲ್ಲ? ಓಟು ಹಾಕ್ಲಿಕ್ಕೆ ಅಲ್ಲ. ಹೆಸರು ಒಂದು ಇರ್ಲಿ" ಎಂದಳು.

ಗುಮಾಸ್ತರೂ ಈ ಊರಿನವರೇ. ನಗಲಿಲ್ಲ. ನಕ್ಕಿದ್ದರೆ ನನಗೆ ಹಗುರವಾಗುತ್ತಿತ್ತು. ಅದು ಆಗುವ ಕೆಲಸವಲ್ಲ, ಇನ್ನೊಂದನ್ನು ಬೇಗ ಕೊಡಿ, ಇವತ್ತು ಬಿಟ್ಟರೆ ಈ ಚುನಾವಣೆಗೆ ಹೆಸರು ಬರುವುದಿಲ್ಲ ಎಂದರು. ಅಮ್ಮ ಎರಡನ್ನೂ ತನ್ನ ಕಡೆಗೆ ಎಳೆದುಕೊಂಡಳು. ಕೊಟ್ಟರೆ ಎರಡೂ, ಇಲ್ಲವಾದರೆ ಯಾವುದೂ ಬೇಡ ಎಂದಳು. ಹಿಂದಿನವರು ಗೊಣಗತೊಡಗಿದರು. ಒಳಗೆ ಯಾರೋ ಕಿಟಕಿ ಮುಚ್ಚುವ ಸದ್ದಾಯಿತು.

ನನಗೆ ಸಿಟ್ಟು ನೆತ್ತಿಗೇರಿತು. ಅವಳ ಕೈಯಿಂದ ಕಾಗದ ಕಸಿದುಕೊಂಡು ಪಿನ್ನು ಕಿತ್ತೆ. ಮನೆಯ ತುಳುವಿನಲ್ಲಲ್ಲ, ಎಲ್ಲರಿಗೂ ತಿಳಿಯುವಂತೆ ಕನ್ನಡದಲ್ಲಿ ಹೇಳಿದೆ:

"ಅಮ್ಮ, ಇರುವುದು ನಾನೊಬ್ಬಳೇ."

ಗುಮಾಸ್ತರು ನನ್ನ ಅರ್ಜಿಗೆ ಸೀಲು ಒತ್ತಿ ರಸೀದಿ ಹರಿದುಕೊಟ್ಟರು.

ಹೊರಗೆ ಮೆಟ್ಟಿಲಲ್ಲಿ ಬೈಗುಳ ಕಾದು ನಿಂತೆ. ಅಮ್ಮ ಬೈಯಲಿಲ್ಲ. ಅಕ್ಕನ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿ, ಬಹಳ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ನಿನ್ನನ್ನು ಬಿಟ್ರೆ ಅವಳಿಗೆ ಮುಖ ಎಲ್ಲಿ ಉಂಟು?"

ಆ ಸಲ ಓಟು ಹಾಕಿದೆ. ನನ್ನ ಹೆಸರನ್ನಷ್ಟೇ ಕರೆದರು, ನಾನೊಬ್ಬಳೇ ಹೋಗಿ ಹಾಕಿ ಬಂದೆ. ಅಂದುಕೊಂಡಷ್ಟು ಖುಷಿಯಾಗಲಿಲ್ಲ.

ಈಗ ಮತ್ತೆ ಪಾಲಿಕೆ ಚುನಾವಣೆಯ ಮಾತು ನಡೆದಿದೆ. ನಾನು ವಾಮಂಜೂರಿಗೆ ಮನೆ ಬದಲಿಸಿದ್ದೇನೆ, ಹೆಸರನ್ನು ಈ ವಾರ್ಡಿಗೆ ಹಾಕಿಸಿಕೊಳ್ಳಬೇಕು. ಮೊನ್ನೆ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಮುಟ್ಟಬೇಕೆಂದು ಅವಸರದಲ್ಲಿ ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದೆ. ಕಿವಿಯ ಮೇಲೆ ಒಂದಿಷ್ಟು ಬಿಳಿ ಕೂದಲು ಕಂಡಿತು. ಅಯ್ಯೋ, ಅಕ್ಕನಿಗೆ ತಲೆ ನರೆಯಲು ಶುರುವಾಯಿತಲ್ಲ, ಅಮ್ಮನಿಗೆ ಹೇಳಬೇಕು ಎಂದುಕೊಂಡೆ. ಅಮ್ಮ ಹೋಗಿ ಆಗಲೇ ಮೂರು ಮಳೆಗಾಲ ಕಳೆದಿತ್ತು.