ಶಾಸಕರು ಬಂದಾಗ ಮಗ್ಗ ನಿಲ್ಲಿಸಿದ ಓಣಿ

ಗುಳೇದಗುಡ್ಡದ ಹತ್ತಿರದ ಆ ಹಳ್ಳಿಯಲ್ಲಿ ಸಕ್ರವ್ವ ಅಂಗನವಾಡಿಯ ಸಹಾಯಕಿಯಾಗಿದ್ದ ಕಾಲವೇ ಬೇರೆ. ಆಗ ನೇಕಾರರ ಓಣಿಯ ಮನೆಮನೆಯಲ್ಲೂ ಕುಪ್ಪಸದ ಖಣ ನೇಯುವ ಮಗ್ಗ. ಬೆಳಗಾದರೆ ಸಕ್ರವ್ವ ಒಂದೊಂದೇ ಬಾಗಿಲಲ್ಲಿ ನಿಂತು, ಬಗಲಿಗೊಂದು, ಕೈಗೊಂದು ಕೂಸು ಕರಕೊಂಡು ಬರುತ್ತಿದ್ದಳು. ಅವುಗಳ ಮೈಯೆಲ್ಲ ನೂಲಿನ ಗಂಜಿ ವಾಸನೆ, ತಲೆಗೂದಲಲ್ಲಿ ಬಣ್ಣಬಣ್ಣದ ಎಳೆ. ಆ ವಾಸನೆ ಈಗಲೂ ಅವಳಿಗೆ ಹಿತ. ತಾಯಂದಿರ ಕೈಕಾಲು ಮಗ್ಗದಲ್ಲಿರುವಾಗ ತೆವಳುವ ಕೂಸು ಮಗ್ಗದ ಕುಣಿಗೆ ಬಿದ್ದರೆ ನೋಡುವವರು ಯಾರು? ಅದಕ್ಕೇ ಅಂಗನವಾಡಿಯ ಆ ಒಂದು ಖೋಲಿ ಓಣಿಗೆ ಬೇಕಾಗಿತ್ತು.

ಅಂಥದರಲ್ಲಿ, ಮಕ್ಕಳು ಕಡಿಮೆ ಎಂದು ಅದನ್ನು ಹೆದ್ದಾರಿಯಾಚೆಯ ಸಾಲೆಗೆ ಸೇರಿಸುತ್ತಾರೆಂಬ ಸುದ್ದಿ ಬಂತು. ಲಾರಿ ಓಡಾಡುವ ರಸ್ತೆ ದಾಟಿಸಿ ಕೂಸು ಕಳಿಸಲು ಯಾವ ತಾಯಿಗೂ ಧೈರ್ಯವಿರಲಿಲ್ಲ. ಸಕ್ರವ್ವ ನೆರೆಮನೆಯ ನೇಕಾರ್ತಿ ಜೋಹರಾಳನ್ನು ಕಟ್ಟಿಕೊಂಡು ಬಾದಾಮಿಗೆ ಹೋಗಿ, ಶಾಸಕರ ಬಾಗಿಲಲ್ಲಿ ಕೂತಳು. ಮತ್ತೆ ಮತ್ತೆ ಹೋದ ಮೇಲೆ ಅವರು, “ಆತವ್ವಾ, ನಾನ ಬಂದು ನೋಡ್ತೇನಿ” ಎಂದರು.

ಅವರು ಬರುವ ದಿನ ಓಣಿಯೆಲ್ಲ ಸಾರಿಸಿ ರಂಗೋಲಿ ಹಾಕಿದ್ದಾಯಿತು. ದೊಡ್ಡವರು ಬಂದಾಗ ಮಗ್ಗದಲ್ಲಿ ಕೂತಿರುವುದು ಮರ್ಯಾದೆಯಲ್ಲ ಎಂದು ಎಲ್ಲರೂ ಮಗ್ಗ ನಿಲ್ಲಿಸಿದರು. ಕೈ ಬಿಡುವಾಯಿತಲ್ಲ, ತಾಯಂದಿರು ಅಂಗನವಾಡಿಗೆ ಬಂದು ತಂತಮ್ಮ ಕೂಸು ಎತ್ತಿಕೊಂಡು ಹೋಗಿ ಬಾಗಿಲಲ್ಲಿ ನಿಂತರು.

ಶಾಸಕರು, ಅವರ ಹಿಂದೆ ಅಧಿಕಾರಿ, ಖೋಲಿಯೊಳಗೆ ಬಂದರು. ಒಂದು ಬೋಗುಣಿ ಉಪ್ಪಿಟ್ಟು, ಮಲಗಿದ ಒಂದು ಕೂಸು. ಅಷ್ಟೇ.

“ಏನವ್ವಾ, ಮಕ್ಕಳ ಎಲ್ಲೆದಾವು?”

“ಅದಾವ್ರಿ ಸಾಹೇಬ್ರ. ಅವ್ವಂದಿರ ಬಗಲಾಗ ಅದಾವು.”

“ಅವ್ವನ ಬಗಲಾಗ ಇದ್ರ ಅಂಗನವಾಡಿ ಯಾಕ ಬೇಕು?”

ಅಧಿಕಾರಿ ನಕ್ಕ. ಸಕ್ರವ್ವ ಹೊರಗೆ ಓಡಿದಳು.

“ಏ ಜೋಹರಾ! ಮದಿವಿ ಮೆರವಣಿಗಿ ನೋಡಿದಂಗ ಏನ್ ನಿಂತೀಯವಾ? ಮಗ್ಗಕ್ಕ ನಡಿ!”

“ಸಾಹೇಬ್ರ ಮುಂದ ಹೆಂಗ ಕುಂದರ್ಲಿ ಯಕ್ಕಾ? ಮರ್ಯಾದಿ ಬ್ಯಾಡೇನು?”

“ನಿನ್ನ ಮರ್ಯಾದಿಗೆ ಅಂಗನವಾಡಿ ಬಾಗಲಾ ಮುಚ್ಚತೈತಿ! ಎಲ್ಲಾರೂ ಹೋಗ್ರಿ, ನೇಯ್ರಿ!”

ಜೋಹರಾ ತನ್ನ ಮಗ ಅಯಾನನನ್ನು ಸಕ್ರವ್ವನ ಕೈಗೆ ತುರುಕಿ ಒಳಗೆ ಓಡಿದಳು. ಒಂದು ಮಗ್ಗ ಖಟಕ್ಕೆಂದಿತು. ಹಿಂದೆಯೇ ಮತ್ತೊಂದು, ಮಗದೊಂದು. ಅಳುವವು, ನಗುವವು, ಮೂಗು ಸೋರುವವು, ಕೂಸುಗಳೆಲ್ಲ ಬಂದು ಖೋಲಿ ತುಂಬಿ, ಶಾಸಕರು ಗೋಡೆಗೆ ಒತ್ತಿ ನಿಂತರು. ಕಡೆಗೆ ಬಂದ ಹುಚ್ಚವ್ವ ಅವಸರದಲ್ಲಿ ಯಾರೆಂದೂ ನೋಡದೆ ಮೊಮ್ಮಗಳನ್ನು ಅವರ ಕೈಗೇ ಕೊಟ್ಟಳು.

“ತುಸು ಹಿಡಕೋ ತಮ್ಮಾ, ಮಗ್ಗದಾಗ ಎಳಿ ಹರದಾವು!”

ಆ ಹುಡುಗಿ ಶಾಸಕರ ಚಷ್ಮಾ ಕಿತ್ತುಕೊಂಡು ಬಾಯಿಗಿಟ್ಟಿತು. ಅವರು ಅಧಿಕಾರಿಗೆ ಏನೋ ಹೇಳಿದರು. ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ.

“ಏನ್ರಿ ಸರ್?”

“ಈ ಅಂಗನವಾಡಿ ಎಲ್ಲೂ ಒಯ್ಯಬ್ಯಾಡ್ರಿ ಅಂದೆ! ಇಲ್ಲೇ ಇರ್ಲಿ!”

ಮರುದಿನ ಸಕ್ರವ್ವ ಎಂದಿನ ಹೊತ್ತಿಗೆ ಅದೇ ಬಾಗಿಲು ತೆರೆದು, ಕಸ ಹೊಡೆದು, ಕೂಸುಗಳನ್ನು ಕರೆಯಲು ಹೊರಟಳು.