ತಮ್ಮನಿದ್ದ ಓಪನ್ ಗುಂಪು

ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿದ್ದ ಧಾರವಾಡದ ಕ್ಲರ್ಕ್ ಐವತ್ತು ದಾಟಿದರೂ ಟೆರೇಸಿನಲ್ಲಿ ಭಾರ ಎತ್ತುತ್ತಿದ್ದರು. ಒಮ್ಮೆ ಎತ್ತಿ, ಪಕ್ಕಕ್ಕೆ ಸರಿದು, "ಈಗ ನಿಂದು" ಎನ್ನುವರು. ಅಲ್ಲಿ ಸಂಡಿಗೆ ಒಣಗಿಸುವ ನಾನೊಬ್ಬಳೇ ಇರುತ್ತಿದ್ದೆ.

"ನನ್ನ ಸೊಂಟ ಮುರಿದರೆ ಅಡುಗೆ ನೀವು ಮಾಡ್ತೀರಾ?" ಎಂದರೆ ನಗುತ್ತಿರಲಿಲ್ಲ.

ಭಾರ ಎತ್ತುವ ಸ್ಪರ್ಧೆಯ ಫಾರಂ ಬಂದಾಗ ಅವರ ಹೆಂಡತಿ ಗದರಿದರು: "ಹಿರಿಯರ ಗುಂಪಿನ್ಯಾಗ ಬರೀರಿ. ಜನ್ಮದಾಗ ಒಂದರ ಮೆಡಲ್ ಬರ್ಲಿ."

"ಅಲ್ಲಿ ತಮ್ಮನ್ನ ಸೇರಿಸ್ಕೊಳ್ಳಂಗಿಲ್ಲಲ್ಲ. ಅವಗ ಇನ್ನೂ ಇಪ್ಪತ್ತೆಂಟು."

ತಮ್ಮ ಇಪ್ಪತ್ತೆಂಟಕ್ಕೇ ತೀರಿಕೊಂಡನೆಂದು ಆಕೆ ನನ್ನ ಕಿವಿಯಲ್ಲಿ ಹೇಳಿದರು.

ಅವರು ವಯಸ್ಸಿನ ಮಿತಿಯಿಲ್ಲದ ಓಪನ್ ಗುಂಪಿಗೇ ಹೆಸರು ಕೊಟ್ಟು, ಹುಡುಗರ ನಡುವೆ ಕೊನೆಯವರಾದರು. ನೋಡಲು ನಾನೂ ಹೋಗಿದ್ದೆ.

"ಸೋತಿರಾ?" ಎಂದೆ.

"ತಮ್ಮನ ಕೈಯಾಗ ಸೋತೇನ್ರಿ, ಅಕ್ಕಾರ," ಎಂದರು ಹೆಮ್ಮೆಯಿಂದ.

ಮರಳುವಾಗ ಲೋಕಲ್ ರೈಲಿನಲ್ಲಿ ಅವರು ಕೂತಲ್ಲೇ ನಿದ್ದೆಹೋದರು. ಬಾಂದ್ರಾದಲ್ಲಿ ಜನ ನುಗ್ಗಿದರು. ಅವರ ಪಕ್ಕದ ಖಾಲಿ ಸೀಟು ನೋಡಿಯೂ, ಎಲ್ಲರೂ ಬೊರಿವಲಿಯವರೆಗೆ ನಿಂತೇ ಬಂದರು.