ಅರಿಶಿನ ಹಚ್ಚಿದ ತೋಟಾಗಳು

ಕಳೆದ ವರ್ಷ ಆಯುಧಪೂಜೆ ಮುಗಿದ ಮೇಲಿನ ಮೊದಲ ಶನಿವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ, ನನ್ನ ಹೆಂಡತಿ ಟ್ರಿಗರ್ ಎಳೆದಳು. ಕೋವಿಯಿಂದ ಗುಂಡು ಹಾರಲಿಲ್ಲ. ನಾವಿದ್ದದ್ದು ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದ ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರದ ಶೂಟಿಂಗ್ ರೇಂಜಿನಲ್ಲಿ. ಗಾಳಿಗೆ ಎಸೆದ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವ ಜಾಗ ಅದು.

ಆಗ ನಮ್ಮಲ್ಲಿ ಮೂರು ಬಗೆಯ ಕೋವಿಗಳಿದ್ದವು. ಹನ್ನೆರಡು ಬೋರಿನ ಕೋವಿ ಭುಜಕ್ಕೆ ಒದೆಯುತ್ತದೆ. ಬೋರಿನ ಸಂಖ್ಯೆ ಹೆಚ್ಚಾದಷ್ಟೂ ನಳಿಗೆ ಕಿರಿದು; ಇಪ್ಪತ್ತು ಬೋರಿನದು ಹಗುರ, ಅದರ ತೋಟಾವೂ ಸಣ್ಣದು. ಮೂರನೆಯದು ಕಡಿಮೆ ಸದ್ದಿನ ಪುಟ್ಟ ರೈಫಲ್. ಒಂದೊಂದನ್ನು ಹಿಡಿದಾಗಲೂ ಕೈಗೆ ಬೇರೆಯೇ ಅನುಭವ. ನನಗೆ ಅದೇ ಇಷ್ಟ.

“ಎಲ್ಲಾ ಒಂದೇ ಅಳತೇದು ಇಟ್ಕೊಳ್ರಿ ಅಂದ್ರೆ ಕೇಳಲ್ಲ,” ಎಂದು ಅವಳು ಹೇಳುತ್ತಲೇ ಇದ್ದಳು. “ನನ್ನ ಡಬ್ಬಗಳನ್ನ ನೋಡಿ. ಯಾವ ಮುಚ್ಚಳ ಯಾವುದಕ್ಕಾದ್ರೂ ಆಗುತ್ತೆ.”

“ಹಂಗಾದ್ರೆ ಒಗ್ಗರಣೆ ಡಬ್ಬೀಲಿ ಬರೀ ಸಾಸಿವೆ ಇಟ್ಕೊ,” ಎನ್ನುತ್ತಿದ್ದೆ.

ಪೂಜೆ ನಡೆದದ್ದು ಗ್ಯಾರೇಜಿನಲ್ಲಿ. ಕಾರಿನ ಪಕ್ಕದ ಮೇಜಿನ ಮೇಲೆ ಖಾಲಿ ಕೋವಿಗಳು, ಒಂದು ತಟ್ಟೆಯಲ್ಲಿ ಎರಡೂ ಅಳತೆಯ ತೋಟಾಗಳು. ಬೆರಕೆಯಾಗಬಾರದೆಂದೇ ಇಪ್ಪತ್ತರ ತೋಟಾಕ್ಕೆ ಹಳದಿ ಬಣ್ಣ ಕೊಡುತ್ತಾರೆ. ನನ್ನ ಹನ್ನೆರಡರವು ಕೆಂಪು. ನಾನು ಧಾರಾಳವಾಗಿ ಅರಿಶಿನ ಹಚ್ಚಿದೆ. ಎಲ್ಲವೂ ಹಳದಿಯಾದವು. ಆಮೇಲೆ ಅವನ್ನು ಒಂದೇ ಚೀಲಕ್ಕೆ ಸುರಿದವನೂ ನಾನೇ.

ರೇಂಜಿನಲ್ಲಿ ಅವಳ ಕೈಯಲ್ಲಿದ್ದದ್ದು ಹನ್ನೆರಡು ಬೋರಿನ ಕೋವಿ. ಹಾರದ ತೋಟಾ ತಡವಾಗಿಯೂ ಸಿಡಿಯಬಹುದು ಎಂಬ ಕಾರಣಕ್ಕಿರುವ ನಿಯಮದಂತೆ ನಳಿಗೆಯನ್ನು ಮೈದಾನದತ್ತಲೇ ಹಿಡಿದು ಅರ್ಧ ನಿಮಿಷ ಕಾದು, ಕೋವಿಯನ್ನು ತೆರೆದಳು. ತೋಟಾ ಕಾಣಲಿಲ್ಲ.

“ನಾನು ಹಾಕೇ ಇಲ್ಲ ಅನ್ಸುತ್ತೆ ರೀ,” ಎಂದು ಮತ್ತೆ ಚೀಲಕ್ಕೆ ಕೈ ಹಾಕಿದಳು.

“ನೀನು ಹಾಕ್ದೆ. ನಾನು ನೋಡ್ದೆ. ತಡಿ.”

“ನಿಮಗೆ ವಯಸ್ಸಾಯ್ತು.”

“ಆಗ್ಲಿ. ಕೋವಿ ಕೆಳಗಿಡು.”

ಹಿಂಬದಿಯಿಂದ ನಳಿಗೆಯೊಳಗೆ ಇಣುಕಿದೆ. ಆಚೆ ತುದಿಯ ಬೆಳಕು ಕಾಣಲಿಲ್ಲ. ಇಪ್ಪತ್ತರ ಸಣ್ಣ ತೋಟಾ ಬೆರಳುದ್ದ ಒಳಕ್ಕೆ ಜಾರಿ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದನ್ನು ಹಾಕಿ ಹಾರಿಸಿದ್ದರೆ ನಳಿಗೆ ಸಿಡಿಯುತ್ತಿತ್ತು, ಅವಳ ಎಡಗೈ ಹಿಡಿದಿದ್ದ ಕಡೆಯೇ.

ರೇಂಜಿನ ಮೇಲ್ವಿಚಾರಕ ಬಂದು ಸರಳಿನಿಂದ ಅದನ್ನು ನಿಧಾನವಾಗಿ ಹೊರಗೆ ತಳ್ಳಿದ. ಬೆರಳಿಗೆ ಅಂಟಿದ ಪುಡಿ ನೋಡಿ ಇದೇನೆಂದು ಕೇಳಿದ. ಅರಿಶಿನ ಎಂದೆ, ಪೂಜೆಯ ವಿಷಯವನ್ನೂ ಹೇಳಿದೆ. ಚೀಲದಲ್ಲಿದ್ದ ಅಷ್ಟನ್ನೂ ನಾನು ಒರೆಸಿ ಬೇರೆ ಮಾಡುವವರೆಗೆ ಅವನು ಅಲ್ಲೇ ನಿಂತಿದ್ದ.

ಬೆಂಚಿನ ಮೇಲೆ ಕುಳಿತು ಎಡಗೈ ಬೆರಳುಗಳನ್ನು ಮಡಚಿ ಬಿಡಿಸುತ್ತಿದ್ದ ಅವಳು ಕೇಳಿದಳು: “ಇನ್ಮೇಲೆ ಬರೀ ಸಾಸಿವೆ ಸಾಕಾ?”

“ಸಾಕು,” ಎಂದೆ.

ಹಿಂತಿರುಗುವಾಗ ಫ್ರೀವೇಯುದ್ದಕ್ಕೂ ಆ ಕೈ ಕಾಫಿ ಲೋಟ ಹಿಡಿದಿತ್ತು. ನಾನು ಮತ್ತೆ ಮತ್ತೆ ಅತ್ತ ನೋಡಿದೆ.

“ರಸ್ತೆ ನೋಡಿ,” ಎಂದಳು.

ಇಪ್ಪತ್ತು ಬೋರಿನದನ್ನು ಪರವಾನಗಿ ಇರುವ ಅಂಗಡಿಯ ಮೂಲಕ ಮಾರಿಯಾಯಿತು. ಈ ವರ್ಷದ ಪೂಜೆಯಲ್ಲಿ ಮೇಜಿನ ಮೇಲೆ ಹನ್ನೆರಡು ಬೋರಿನವೇ ಎರಡು ಇದ್ದವು, ಪಕ್ಕದಲ್ಲಿ ರೈಫಲ್. ತೋಟಾಗಳು ಬೀಗ ಹಾಕಿದ ಕಪಾಟಿನಲ್ಲಿದ್ದವು.